ಟಿ.ವಿ.ಯವರೇ ಹೇಳಿದ ಮೇಲೆ ನೋಡುಗನೂ ಪರಿಶೀಲಿಸಬೇಕೆ?

ಪ್ರಶ್ನೆ: ನಿವೃತ್ತ ಬ್ಯಾಂಕ್ ನೌಕರ, ಶಿರಸಿ

2016ರ ನವೆಂಬರ್ 8ರ ರಾತ್ರಿ 500 ಮತ್ತು 1,000 ರೂಪಾಯಿಯ ನೋಟುಗಳು ರದ್ದಾದಾಗ ನಾನು ಶಾಖೆಯೊಂದರ ನಗದು ಕೌಂಟರಿನಲ್ಲಿ ಕೆಲಸ ಮಾಡುತ್ತಿದ್ದೆ. ಹೊಸ 2,000ದ ನೋಟು ನಮ್ಮ ಕೈಸೇರುವ ಮೊದಲೇ ಅದರ ಕಥೆ ಊರನ್ನು ತಲುಪಿತ್ತು. ನೋಟಿನೊಳಗೆ ನ್ಯಾನೊ ಜಿಪಿಎಸ್ ಚಿಪ್ ಇದೆಯಂತೆ, ನೆಲದಡಿ 120 ಮೀಟರ್ ಆಳದಲ್ಲಿ ಹೂತಿಟ್ಟರೂ ಉಪಗ್ರಹಕ್ಕೆ ಅದರ ಸುಳಿವು ಸಿಗುತ್ತದಂತೆ. ಬರೀ ವಾಟ್ಸ್ಆ್ಯಪ್ ಸಂದೇಶವಾಗಿದ್ದರೆ ಜನ ನಕ್ಕು ಮರೆಯುತ್ತಿದ್ದರೇನೋ. ಸುದ್ದಿವಾಹಿನಿಗಳಲ್ಲೂ ಅದು ಚಿತ್ರಸಮೇತ ಬಂದದ್ದರಿಂದ ಅನುಮಾನಕ್ಕೆ ಎಡೆಯೇ ಉಳಿಯಲಿಲ್ಲ.

ನಮ್ಮ ಹಳೆಯ ಗ್ರಾಹಕರಾದ ಅಡಿಕೆ ಬೆಳೆಗಾರರೊಬ್ಬರು ಮೊದಲ ನೋಟು ಪಡೆದ ಕೂಡಲೇ ಅದನ್ನು ಕಿಟಕಿಯ ಬೆಳಕಿಗೆ ಹಿಡಿದು, ಒಳಗಿನ ಎಳೆಯನ್ನು ಉಗುರಿನಿಂದ ತೋರಿಸಿ, 'ಇದೇ ಅಲ್ಲವೇ ಚಿಪ್ಪು?' ಎಂದು ಕೇಳಿದರು. ನಾನು ನೋಟನ್ನು ಓರೆ ಮಾಡಿ ಹಸಿರು ಎಳೆ ನೀಲಿಯಾಗುವುದನ್ನು ತೋರಿಸಿದೆ. ಇದು ಖೋಟಾ ನೋಟು ತಡೆಯಲು ಹಾಕಿದ ಭದ್ರತಾ ಎಳೆ, ರದ್ದಾದ ನೋಟುಗಳಲ್ಲೂ ಇತ್ತು, ರಿಸರ್ವ್ ಬ್ಯಾಂಕ್ ಪ್ರಕಟಿಸಿದ ವಿವರಗಳಲ್ಲಿ ಚಿಪ್ಪಿನ ಮಾತೇ ಇಲ್ಲ ಎಂದೆ. ಅವರು ನನ್ನನ್ನು ಕನಿಕರದಿಂದ ನೋಡಿ, 'ಟಿ.ವಿ.ಯವರೇ ಹೇಳಿದ್ದಾರೆ. ನಿಮಗೆ ಮೇಲಿನವರು ತಿಳಿಸಿಲ್ಲ, ಅಷ್ಟೇ' ಎಂದು ನೋಟನ್ನು ಮಡಚಿ ಜೇಬಿಗಿಳಿಸಿದರು.

ಈಗ ಎಲ್ಲೆಡೆ 'ನಂಬುವ ಮುನ್ನ ಪರಿಶೀಲಿಸಿ' ಎಂಬ ಉಪದೇಶ ಕೇಳಿಬರುತ್ತಿದೆ. ಹಾಲಿಗೆ ನೀರು ಬೆರೆಸಿದವನನ್ನು ಬಿಟ್ಟು, ಮನೆಯಲ್ಲಿ ಲ್ಯಾಕ್ಟೋಮೀಟರ್ ಇಟ್ಟುಕೊಳ್ಳಲಿಲ್ಲವೆಂದು ಕೊಂಡವನನ್ನು ಬೈದಂತಾಗಲಿಲ್ಲವೇ ಇದು? ಪರಿಶೀಲನೆಯನ್ನೇ ವೃತ್ತಿಯಾಗಿಸಿಕೊಂಡವರು ಅದನ್ನು ಮಾಡದಿದ್ದಾಗ ಆ ಹೊರೆ ನೋಡುಗನ ತಲೆಗೆ ಏಕೆ ಬರಬೇಕು?

ಉತ್ತರ 1: ನಿವೃತ್ತ ಉಪಸಂಪಾದಕ, ಮೈಸೂರು

ತಮ್ಮ ಹಾಲಿನ ಹೋಲಿಕೆಯನ್ನು ಅರ್ಧ ಒಪ್ಪುತ್ತೇನೆ. ನಾನು ಡೆಸ್ಕಿಗೆ ಸೇರಿದ ಹೊಸತರಲ್ಲಿ ತಾಲ್ಲೂಕು ವರದಿಗಾರರಿಂದ ಅಪಘಾತದ ಸುದ್ದಿ ಬಂದರೆ ಮುಖ್ಯ ಉಪಸಂಪಾದಕರು ಕೇಳುತ್ತಿದ್ದುದು ಒಂದೇ ಪ್ರಶ್ನೆ: 'ಸತ್ತವರು ಆರು ಮಂದಿ ಎಂದು ಹೇಳಿದ್ದು ಯಾರು?' ಪೊಲೀಸ್ ಠಾಣೆಗೂ ಆಸ್ಪತ್ರೆಗೂ ಫೋನ್ ಮಾಡಿ, ಎರಡೂ ಕಡೆಯ ಲೆಕ್ಕ ಹೊಂದುವವರೆಗೆ ಆ ಸಂಖ್ಯೆ ತಲೆಬರಹಕ್ಕೆ ಏರುತ್ತಿರಲಿಲ್ಲ. ಅದು ಓದುಗನಿಂದ ಆಗುವ ಕೆಲಸವಲ್ಲ, ಆಗಬೇಕಾದ ಕೆಲಸವೂ ಅಲ್ಲ.

ಆದರೆ ನಮ್ಮ ಕಸುಬಿನ ಎರಡು ಕುಯುಕ್ತಿಗಳನ್ನು ಗುರುತಿಸುವಷ್ಟು ಎಚ್ಚರ ಓದುಗನಿಗೆ ಇರಲೇಬೇಕು. ಮೊದಲನೆಯದು 'ಎನ್ನಲಾಗಿದೆ'. ಯಾರು ಎಂದರು ಎಂಬುದನ್ನು ಹೇಳದೆ ಏನನ್ನಾದರೂ ಹೇಳಿಬಿಡಲು ಕನ್ನಡ ಪತ್ರಿಕೋದ್ಯಮಕ್ಕೆ ದಕ್ಕಿದ ಅನುಕೂಲ ಶಾಸ್ತ್ರವದು; ನಾನೂ ಅದನ್ನು ಧಾರಾಳವಾಗಿಯೇ ಬಳಸಿದ್ದೇನೆ. ಎರಡನೆಯದು ಪ್ರಶ್ನಾರ್ಥಕ ಚಿಹ್ನೆ. 'ನೋಟಿನಲ್ಲಿದೆಯಾ ಚಿಪ್?' ಎಂದು ಪರದೆಯ ತುಂಬ ಬರೆದವರು ಹೇಳುವುದನ್ನೆಲ್ಲ ಹೇಳಿ ಮುಗಿಸಿರುತ್ತಾರೆ. ನಾಳೆ ಯಾರಾದರೂ ಆಕ್ಷೇಪಿಸಿದರೆ ತಾವು ಕೇಳಿದ್ದು ಮಾತ್ರ ಎಂದು ಜಾರಿಕೊಳ್ಳುತ್ತಾರೆ.

ಹೋಲಿಕೆ ತಪ್ಪುವುದು ಇನ್ನೊಂದು ಕಡೆ. ಹಾಲನ್ನು ಕೊಳ್ಳುವವರು ನೀವು. ಸುದ್ದಿವಾಹಿನಿಯನ್ನು ಹೆಚ್ಚಾಗಿ ಸಾಕುವವನು ಜಾಹೀರಾತುದಾರ, ಅವನಿಗೆ ಮಾರಾಟವಾಗುವುದು ನಿಮ್ಮ ಕಣ್ಣು. 2020ರ ಅಕ್ಟೋಬರ್‌ನಲ್ಲಿ ಮುಂಬೈ ಪೊಲೀಸರು ಟಿಆರ್‌ಪಿ (ಯಾವ ವಾಹಿನಿಯನ್ನು ಎಷ್ಟು ಜನ ನೋಡುತ್ತಾರೆಂಬ ಲೆಕ್ಕ) ಅಕ್ರಮದ ತನಿಖೆಗೆ ಇಳಿದ ಮೇಲೆ, ಆ ಲೆಕ್ಕ ಹಾಕುವ ಬಾರ್ಕ್ ಸಂಸ್ಥೆ ಸುದ್ದಿವಾಹಿನಿಗಳ ರೇಟಿಂಗ್ ಪ್ರಕಟಣೆಯನ್ನು ತಡೆಹಿಡಿಯಿತು. ಅದು ಮತ್ತೆ ಆರಂಭವಾದದ್ದು 2022ರ ಮಾರ್ಚ್‌ನಲ್ಲಿ. ಆ ಸುಮಾರು ಒಂದೂವರೆ ವರ್ಷ ರೇಟಿಂಗ್ ಇಲ್ಲದಿದ್ದರೂ ಅರಚಾಟ ತಗ್ಗಿದ್ದು ನನ್ನ ಗಮನಕ್ಕಂತೂ ಬರಲಿಲ್ಲ.

ಸುಮ್ಮನೆ ಬೈಯುವುದಕ್ಕಿಂತ ದೂರು ಬರೆಯುವುದು ಮೇಲು. ಪತ್ರಿಕೆಯಾದರೆ ಭಾರತೀಯ ಪತ್ರಿಕಾ ಮಂಡಳಿ ಇದೆ. ಅದು ಛೀಮಾರಿ ಹಾಕಬಲ್ಲದೇ ಹೊರತು ದಂಡ ವಿಧಿಸಲಾರದು, ಟಿ.ವಿ. ಅದರ ವ್ಯಾಪ್ತಿಗೆ ಬರುವುದೂ ಇಲ್ಲ. ವಾಹಿನಿಯಾದರೆ 2021ರಲ್ಲಿ ತಿದ್ದುಪಡಿಯಾದ ಕೇಬಲ್ ಟಿ.ವಿ. ನಿಯಮಗಳಂತೆ ಮೊದಲು ಆ ವಾಹಿನಿಗೇ ದೂರು ಕೊಡಬೇಕು. ಅವರು 15 ದಿನಗಳೊಳಗೆ ತೀರ್ಮಾನ ತಿಳಿಸಬೇಕು. ಅದು ಸಮಾಧಾನ ತರದಿದ್ದರೆ ವಾಹಿನಿಗಳ ಸ್ವನಿಯಂತ್ರಣ ಸಂಸ್ಥೆಗೆ ಮೇಲ್ಮನವಿ ಹೋಗಬಹುದು. ಪ್ರಸಾರವಾದ ದಿನ, ಸಮಯ ಮತ್ತು ಪರದೆಯ ಒಂದು ಫೋಟೊ ನಿಮ್ಮ ಬಳಿ ಇರಲಿ.

ಉತ್ತರ 2: ಪ್ರೌಢಶಾಲಾ ಶಿಕ್ಷಕಿ, ಬೀದರ್ ಜಿಲ್ಲೆ

ಇಬ್ಬರು ಹಿರಿಯರೂ ವಾಹಿನಿಗಳ ಬಗ್ಗೆಯೇ ಬರೆದಿದ್ದೀರಿ. ನಮ್ಮ ಜಿಲ್ಲೆಯಲ್ಲಿ ನಡೆದದ್ದಕ್ಕೆ ಯಾವ ನಿರೂಪಕನ ನೆರವೂ ಬೇಕಾಗಿರಲಿಲ್ಲ.

2018ರಲ್ಲಿ ಮಕ್ಕಳ ಕಳ್ಳರ ವಿಡಿಯೊವೊಂದು ಎಲ್ಲರ ಮೊಬೈಲಿನಲ್ಲೂ ಇತ್ತು. ಬೈಕಿನಲ್ಲಿ ಬಂದ ಇಬ್ಬರು ಬೀದಿಯಲ್ಲಿ ಆಡುತ್ತಿದ್ದ ಮಗುವನ್ನು ಎತ್ತಿಕೊಂಡು ಪರಾರಿಯಾಗುವ ದೃಶ್ಯವದು. ಅಸಲಿಗೆ ಅದು ಮಕ್ಕಳ ಸುರಕ್ಷತೆಯ ಕುರಿತು ಪಾಕಿಸ್ತಾನದ ಕರಾಚಿಯಲ್ಲಿ ತಯಾರಾದ ಜಾಗೃತಿ ಚಿತ್ರ. ಪೂರ್ತಿ ಚಿತ್ರದಲ್ಲಿ ಆ ಸವಾರರು ಮರಳಿ ಬಂದು ಮಗುವನ್ನು ಇಳಿಸಿ, ಎಚ್ಚರಿಕೆಯ ಫಲಕವೊಂದನ್ನು ಹಿಡಿದು ತೋರಿಸುತ್ತಾರೆ. ಯಾರೋ ಆ ಕೊನೆಯ ಭಾಗವನ್ನು ಕತ್ತರಿಸಿ ಹರಿಯಬಿಟ್ಟರು. ಉಳಿದದ್ದರಲ್ಲಿ ಒಂದೇ ಒಂದು ಚೌಕಟ್ಟೂ ತಿರುಚಿದ್ದಲ್ಲ. ಕತ್ತರಿಸಿದ ಜಾಗದಲ್ಲಿಯೇ ಸುಳ್ಳು ಹುಟ್ಟಿತು.

ಆ ವರ್ಷದ ಮೇ ತಿಂಗಳಲ್ಲಿ ಬೆಂಗಳೂರಿನ ಚಾಮರಾಜಪೇಟೆಯಲ್ಲಿ ರಾಜಸ್ಥಾನದಿಂದ ಬಂದಿದ್ದ ಯುವಕನೊಬ್ಬನನ್ನು ಮಕ್ಕಳ ಕಳ್ಳನೆಂದು ಶಂಕಿಸಿ ಜನ ಹೊಡೆದು ಕೊಂದರು. ಜುಲೈ 13ರಂದು ನಮ್ಮ ಜಿಲ್ಲೆಯ ಮುರ್ಕಿ ಗ್ರಾಮದಲ್ಲಿ, ದಾರಿಯಲ್ಲಿ ಶಾಲಾ ಮಕ್ಕಳಿಗೆ ಚಾಕೊಲೇಟ್ ಕೊಟ್ಟ ತಪ್ಪಿಗೆ, ಹೈದರಾಬಾದಿನಿಂದ ಬಂದವರ ಕಾರನ್ನು ಜನ ಅಡ್ಡಗಟ್ಟಿದರು; ಒಬ್ಬ ಎಂಜಿನಿಯರ್ ಪ್ರಾಣ ಕಳೆದುಕೊಂಡರು. ಅದೇ ತಿಂಗಳು ವಾಟ್ಸ್ಆ್ಯಪ್ ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದು ಕಡೆಗಷ್ಟೇ ಕಳುಹಿಸಬಹುದೆಂಬ ಮಿತಿ ತರಲು ಮುಂದಾಯಿತು.

ನಾನು ಆ ಕತ್ತರಿಸಿದ ವಿಡಿಯೊದ ಒಂದು ಚಿತ್ರವನ್ನು ತರಗತಿಯಲ್ಲಿ ಮಕ್ಕಳಿಗೆ ಕೊಟ್ಟು, ಚಿತ್ರ ತೋರಿಸಿದರೆ ಅದರ ಮೂಲ ಹುಡುಕಲು ನೆರವಾಗುವ ಗೂಗಲ್ ಲೆನ್ಸ್‌ನಲ್ಲಿ ಹುಡುಕಲು ಹೇಳಿದೆ. ನಾನು ಹಾಜರಿ ಕರೆದು ಮುಗಿಸುವಷ್ಟರಲ್ಲಿ ಒಬ್ಬ ಹುಡುಗಿ 'ಟೀಚರ್, ಇದರಲ್ಲಿ ಮಗುವನ್ನು ವಾಪಸ್ ಬಿಡುತ್ತಾರೆ' ಎಂದಳು. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಹಾಲನ್ನು ಕುಡಿಯುವವರು ಕುಡಿದು ಸುಮ್ಮನಾಗುತ್ತಾರೆ ಸರ್. ಸುದ್ದಿಯನ್ನು ನಾವು ಕುಡಿಯುವುದಕ್ಕೂ ಮೊದಲೇ ನಲವತ್ತು ಮನೆಗಳಿಗೆ ಹಂಚಿರುತ್ತೇವೆ.

ಉತ್ತರ 3: ಕಿರಾಣಿ ಅಂಗಡಿ ಮಾಲೀಕ, ದಾವಣಗೆರೆ

ಮೇಡಂ ಹೇಳಿದ್ದು ಸರಿ, ಆದರೆ ಬೆಳಿಗ್ಗೆ ಆರಕ್ಕೆ ಬಾಗಿಲು ತೆಗೆದು ರಾತ್ರಿ ಹತ್ತಕ್ಕೆ ಮುಚ್ಚುವವನಿಗೆ ಲೆನ್ಸ್ ಹಿಡಿದು ಕೂರಲು ಪುರುಸೊತ್ತು ಎಲ್ಲಿದೆ? ಸತ್ಯಶೋಧನೆಯ ವರದಿಗಳಲ್ಲಿ ಬಹುಪಾಲು ಇಂಗ್ಲಿಷ್, ಹಿಂದಿಯಲ್ಲಿವೆ; ಅವು ಬರುವ ಹೊತ್ತಿಗೆ ಸುಳ್ಳು ಸಂತೆ ಮುಗಿಸಿ ಮನೆ ಸೇರಿರುತ್ತದೆ.

ಪರಿಶೀಲಿಸುವವರನ್ನು ಪರಿಶೀಲಿಸುವವರು ಯಾರು ಎಂಬುದೂ ಇದೆ. ತನಗೆ ಸಂಬಂಧಿಸಿದ ಸುದ್ದಿಯಲ್ಲಿ ಯಾವುದು ಸುಳ್ಳು ಎಂದು ತಾನೇ ಗುರುತಿಸುವ ಘಟಕಕ್ಕೆ 2023ರಲ್ಲಿ ಕೇಂದ್ರ ಸರ್ಕಾರ ನಿಯಮ ಮಾಡಿತ್ತು. 2024ರ ಸೆಪ್ಟೆಂಬರ್‌ನಲ್ಲಿ ಬಾಂಬೆ ಹೈಕೋರ್ಟ್ ಅದನ್ನು ರದ್ದುಪಡಿಸಿತು. ನ್ಯಾಯಾಲಯದವರೆಗೆ ಹೋದ ಜಿಜ್ಞಾಸೆಯನ್ನು ಅಂಗಡಿಯ ಗಲ್ಲಾದ ಮುಂದೆ ಕುಳಿತು ನಾನು ಬಗೆಹರಿಸಲಾರೆ. ನಾನು ಮಾಡಬಲ್ಲದ್ದು ಒಂದೇ. ಗೊತ್ತಿಲ್ಲದ್ದನ್ನು ಮುಂದಕ್ಕೆ ಕಳುಹಿಸುವುದಿಲ್ಲ. ಅದಕ್ಕೆ ಪುರುಸೊತ್ತೂ ಬೇಡ, ಇಂಗ್ಲಿಷೂ ಬೇಡ.

ಪ್ರಶ್ನೆ ಕೇಳಿದವರ ಮರುಮಾತು

ಎಲ್ಲರಿಗೂ ಧನ್ಯವಾದಗಳು. ನಂಬುವುದನ್ನೂ ಹಂಚುವುದನ್ನೂ ನಾನು ಒಂದೇ ಎಂದುಕೊಂಡಿದ್ದೆ. ನಂಬಿ ಮೋಸ ಹೋದವನ ಮೇಲೆ ಹೊಣೆ ಹೊರಿಸುವುದಕ್ಕೆ ನನ್ನ ತಕರಾರು ಈಗಲೂ ಇದೆ. ಹಂಚಿದವನ ಪರವಾಗಿ ಆಡಲು ಮುರ್ಕಿಯ ವಿಷಯ ಓದಿದ ಮೇಲೆ ನನ್ನಲ್ಲಿ ಮಾತಿಲ್ಲ.

ಆ ಬೆಳೆಗಾರರ ಕಥೆಯನ್ನು ಅರ್ಧಕ್ಕೇ ನಿಲ್ಲಿಸಿದ್ದೆ. 2023ರ ಮೇ 19ರಂದು ರಿಸರ್ವ್ ಬ್ಯಾಂಕ್ 2,000ದ ನೋಟುಗಳನ್ನು ಚಲಾವಣೆಯಿಂದ ಹಿಂಪಡೆಯುವುದಾಗಿ ಪ್ರಕಟಿಸಿದ ಮೇಲೆ ಅವರು ಐದು ನೋಟುಗಳನ್ನು ತಂದು ನನ್ನ ಕೌಂಟರಿನಲ್ಲೇ ಖಾತೆಗೆ ಕಟ್ಟಿದರು. ಎಲ್ಲವೂ ಗರಿಗರಿಯಾಗಿಯೇ ಇದ್ದವು. 'ಇಷ್ಟು ವರ್ಷ ಬೀರುವಿನಲ್ಲೇ ಇದ್ದವು, ಯಾರೂ ಹುಡುಕಿಕೊಂಡು ಬರಲಿಲ್ಲ' ಎಂದು ಸಣ್ಣಗೆ ನಕ್ಕರು. ಟಿ.ವಿ.ಯಲ್ಲಿ ಆಮೇಲೇನಾದರೂ ತಿದ್ದುಪಡಿ ಹೇಳಿದರೇ ಎಂದು ಕೇಳಿದೆ. ಅವರು ನೋಡಿರಲಿಲ್ಲ, ನಾನೂ ನೋಡಿಲ್ಲ.