ಶಿವಮೊಗ್ಗದಲ್ಲಿ ಏಳು ಸಾವಿರದೊಳಗೆ ಬಾಡಿಗೆ ಮನೆ: ನಿಮ್ಮ ಅನುಭವ ತಿಳಿಸಿ

ಆಗಸ್ಟ್‌ನಲ್ಲಿ ಶಿವಮೊಗ್ಗದ ಸಾಗರ ರಸ್ತೆಯ ಆಸ್ಪತ್ರೆಯೊಂದಕ್ಕೆ ದಾದಿಯಾಗಿ ಸೇರುತ್ತಿದ್ದೇನೆ. ಜೊತೆಗೆ ಅಮ್ಮ ಇರುತ್ತಾರೆ, ಅವರಿಗೆ ಮಂಡಿನೋವು. ಸಂಬಳ 22 ಸಾವಿರ; ಬಾಡಿಗೆ ಏಳು ಸಾವಿರ ದಾಟಿದರೆ ಕಷ್ಟ. ಮೊಬೈಲಿನಲ್ಲಿ ಕಂಡ ಮನೆಗಳೆಲ್ಲ ಹನ್ನೆರಡರ ಮೇಲೆಯೇ ಇವೆ. ಅಲ್ಲಿ ಬಾಡಿಗೆಗೆ ಇದ್ದವರು ದಯವಿಟ್ಟು ದಾರಿ ಹೇಳಿ.

*

ತಂಗಿ, ಹದಿನಾಲ್ಕು ವರ್ಷದಲ್ಲಿ ಅಲ್ಲಿ ನಾಲ್ಕು ಮನೆ ಕಂಡವಳು ನಾನು. ಕಡಿಮೆ ಬಾಡಿಗೆಯ ಮನೆಗಳು ಮೊಬೈಲಿನವರೆಗೆ ಬರುವುದೇ ಇಲ್ಲ. ಗೇಟಿಗೆ ‘ಮನೆ ಬಾಡಿಗೆಗೆ ಇದೆ’ ಎಂಬ ರಟ್ಟು ಬೀಳುವ ಮೊದಲೇ ಬೀದಿಯ ದಿನಸಿ ಅಂಗಡಿಯವರಿಗೆ, ಹಾಲು ಹಾಕುವವರಿಗೆ ಸುದ್ದಿ ಗೊತ್ತಿರುತ್ತದೆ. ವಿನೋಬನಗರ, ಗೋಪಾಳದ ಒಳಬೀದಿಗಳಲ್ಲಿ ಎರಡು ಭಾನುವಾರ ನಡೆದು ಕೇಳಿ. ನನಗೆ ಈಗಿನ ಮನೆ ತೋರಿಸಿದ್ದು ಹಿಟ್ಟಿನ ಗಿರಣಿಯವರು.

ಆಷಾಢದಲ್ಲೇ ಹುಡುಕಿ. ಶಾಲೆ ಶುರುವಾಗುವ ಮುಂಚೆ, ಏಪ್ರಿಲ್‌–ಮೇ ತಿಂಗಳಲ್ಲಿ, ಮಾಲೀಕರು ನೂರು ರೂಪಾಯಿಯನ್ನೂ ಬಿಡುವುದಿಲ್ಲ. ಆಷಾಢದಲ್ಲಿ ಹೊಸ ಮನೆಯಲ್ಲಿ ಹಾಲು ಉಕ್ಕಿಸುವವರು ಅಪರೂಪ, ಹಾಗಾಗಿ ಖಾಲಿಯಾದ ಮನೆ ಖಾಲಿಯೇ ಉಳಿದಿರುತ್ತದೆ. ಈಗಲೇ ಸ್ವಲ್ಪ ಹಣ ಕೊಟ್ಟು ಶ್ರಾವಣಕ್ಕೆ ಬರುತ್ತೇನೆ ಎಂದಾಗ ನನಗೆ 7,500 ಇದ್ದದ್ದು 6,800ಕ್ಕೆ ಇಳಿಯಿತು.

ಅದಕ್ಕಿಂತ ಮುಖ್ಯ, ಮನೆಯ ಗುಣ ಮಳೆಯಲ್ಲೇ ತಿಳಿಯುವುದು. ಅಮ್ಮನಿಗೆ ನೆಲ ಅಂತಸ್ತೇ ಬೇಕಾಗುತ್ತದೆ; ಪಾಯ ರಸ್ತೆಗಿಂತ ಎತ್ತರವಿದೆಯೇ ನೋಡಿ. ಗೋಡೆಯ ಕೆಳಗಿನ ಎರಡಡಿಗೆ ಮಾತ್ರ ಹೊಸ ಬಣ್ಣ ಬಳಿದಿದ್ದರೆ ಅಂಗೈ ಇಟ್ಟು ತೇವ ಪರೀಕ್ಷಿಸಿ. ಕಪಾಟು ತೆರೆದು ವಾಸನೆ ನೋಡಿ. ನನ್ನ ಎರಡನೆಯ ಮನೆಯಲ್ಲಿ ಬೂಷ್ಟು ಹಿಡಿದು ಮದುವೆಯ ಸೀರೆಗಳು ಹಾಳಾದವು. ಬಟ್ಟೆ ಒಣಗಿಸಲು ಶೀಟು ಹೊದಿಸಿದ ಜಾಗವಿದೆಯೇ ಕೇಳಿ, ದಿನವೂ ಸಮವಸ್ತ್ರ ಒಗೆಯುವ ನಿಮಗೆ ಇದು ಬೇಕೇ ಬೇಕು. ತುಂಗೆಯ ಕಡೆಯ ತಗ್ಗು ಬೀದಿಯಾದರೆ, 2019ರ ಆಗಸ್ಟ್‌ನ ನೆರೆಯಲ್ಲಿ ನೀರು ಎಲ್ಲಿಯವರೆಗೆ ಬಂದಿತ್ತೆಂದು ಅಕ್ಕಪಕ್ಕದವರಲ್ಲಿ ವಿಚಾರಿಸಿ.

*

ಮೇಡಂ, ಮುಂಗಡ ಹಣದ ಬಗ್ಗೆ ಹೇಳುತ್ತೇನೆ. ಬಾಯಿಮಾತಿನ ಮೇಲೆ 40,000 ಕೊಟ್ಟಿದ್ದೆ. ಮನೆ ಬಿಡುವಾಗ ಸುಣ್ಣಬಣ್ಣಕ್ಕೆಂದು 12,000 ಹಿಡಿದುಕೊಂಡರು. ಎರಡು ತಿಂಗಳ ಬಾಡಿಗೆಯಷ್ಟು ಹಣ, ಇಂದಿಗೂ ಹೊಟ್ಟೆ ಉರಿಯುತ್ತದೆ. ಒಂದು ವರ್ಷಕ್ಕಿಂತ ಹೆಚ್ಚಿನ ಕರಾರಿಗೆ ನೋಂದಣಿ ಬೇಕಾಗುವುದರಿಂದ ಎಲ್ಲರೂ 11 ತಿಂಗಳಿಗೆ ಬರೆಸುತ್ತಾರೆ. ಅದರಲ್ಲಿ ಬಣ್ಣಕ್ಕೆ ಎಷ್ಟು ಮುರಿಯುತ್ತಾರೆ, ಉಳಿದದ್ದನ್ನು ಎಷ್ಟು ದಿನದಲ್ಲಿ ಕೊಡುತ್ತಾರೆ, ಬಾಡಿಗೆ ಎಷ್ಟು ಏರಿಸುತ್ತಾರೆ ಎಂಬುದು ಅಂಕಿಯಲ್ಲಿರಲಿ. ವಿದ್ಯುತ್ ಮೀಟರು ಪ್ರತ್ಯೇಕ ಇರಲಿ. ಗೃಹಜ್ಯೋತಿ ಬಾಡಿಗೆದಾರರಿಗೂ ಸಿಗುತ್ತದೆ, ಆದರೆ ಹಿಂದೆ ಇದ್ದವರ ಆಧಾರ್ ಜೋಡಣೆ ಮೊದಲು ತೆಗೆಸಬೇಕು.

*

ನಾವು ಮಾಂಸ ತಿನ್ನುವವರು. ನಾಲ್ಕು ಕಡೆ ಮನೆಯೆಲ್ಲ ತೋರಿಸಿ, ಕೊನೆಗೆ ಊಟದ ವಿಷಯ ಕೇಳಿ ಕಳುಹಿಸಿದರು. ಹೆಂಡತಿ ಬೀದಿಯಲ್ಲೇ ಅತ್ತಳು. ಆಮೇಲೆ ಫೋನಿನಲ್ಲೇ ಮೊದಲು ಹೇಳಿಬಿಡುತ್ತಿದ್ದೆ. ಮನಸ್ಸಿಗೂ ಕಾಲಿಗೂ ಅಷ್ಟು ದಣಿವು ತಪ್ಪಿತು.

*

ಗೋಪಾಳದಲ್ಲಿ ನಮ್ಮ ಪಕ್ಕದ ಕಾಂಪೌಂಡಿನ ಹಿಂಭಾಗದ ಮನೆ ಮುಂದಿನ ತಿಂಗಳು ಖಾಲಿಯಾಗುತ್ತದೆ. ಬಾಡಿಗೆ 6,500, ಮುಂಗಡ 40,000. ಅಡುಗೆಮನೆ ಚಿಕ್ಕದು. ಮೋಟರಿನ ಸ್ವಿಚ್ಚು ಮಾಲೀಕರ ಬಳಿ ಇದೆ, ಬೆಳಿಗ್ಗೆ ಆರಕ್ಕೆ ಒಮ್ಮೆ ಮಾತ್ರ ನೀರು ಏರಿಸುತ್ತಾರೆ. ರಾತ್ರಿ ಪಾಳಿ ಮುಗಿಸಿ ಬರುವವರು, ಗೇಟಿನ ಒಂದು ಕೀಲಿ ಅವರಿಗೂ ಬೇಕು ಎಂದು ಈಗಷ್ಟೇ ಹೇಳಿ ಬಂದೆ, ಒಪ್ಪಿದ್ದಾರೆ. ಭಾನುವಾರ ಅಮ್ಮನನ್ನೂ ಕರೆದುಕೊಂಡು ಬನ್ನಿ. ಬಾಗಿಲಿಗೆ ಮೂರು ಮೆಟ್ಟಿಲಿವೆ, ಅವರೇ ಹತ್ತಿ ನೋಡಲಿ.