ಸಿಆರ್‌ಎಸ್326ನಲ್ಲಿ ಸ್ಟ್ಯಾಟಿಕ್ ನ್ಯಾಟ್: ಕೌಂಟರ್ ಏರುತ್ತೆ, ಕನೆಕ್ಷನ್ ಆಗಲ್ಲ

ತಂತಿಜಾಲ:
ತಲೆ ಕೆಟ್ಟು ಹೋಗಿದೆ. ಮೈಕ್ರೋಟಿಕ್‌ನ ಸಿಆರ್‌ಎಸ್326 ಸ್ವಿಚ್‌ನಲ್ಲಿ ಒಂದಕ್ಕೊಂದು ನ್ಯಾಟ್ (ಒಂದು ಐಪಿ ವಿಳಾಸವನ್ನ ಇನ್ನೊಂದಕ್ಕೆ ಬದಲಿಸೋದು) ಹಾಕಿದೀನಿ: ಆಫೀಸ್ ಕಡೆ 10.20.30.50, ಯಂತ್ರದ ಕಡೆ ಪಿಎಲ್‌ಸಿ (ಯಂತ್ರ ನಡೆಸೋ ಕಂಟ್ರೋಲರ್) 192.168.1.50. ಪ್ಯಾಕೆಟ್ ತಲುಪಬೇಕಾದ ವಿಳಾಸ ಬದಲಿಸೋ ಡಿಎಸ್‌ಟಿ-ನ್ಯಾಟ್ ರೂಲ್‌ನ ಕೌಂಟರ್ ಏರ್ತಾ ಇದೆ. ಆದ್ರೂ ಆಫೀಸ್ ಪಿಸಿಯಿಂದ ಪಿಂಗ್ ಇಲ್ಲ, ಪಿಎಲ್‌ಸಿ ಜೊತೆ ಮಾತಾಡೋ ಟಿಸಿಪಿ ಪೋರ್ಟ್ 102 ಇಲ್ಲ. ಸ್ವಿಚ್‌ನಿಂದಲೇ ಪಿಎಲ್‌ಸಿಗೆ ಪಿಂಗ್ ಮಾಡಿದ್ರೆ ಸಲೀಸಾಗಿ ಬರುತ್ತೆ. ಉಳಿದದ್ದೆಲ್ಲ ಮಾಮೂಲಿ ಕಾನ್ಫಿಗ್.

ಲ್ಯಾಡರ್‌ಲಾಜಿಕ್:
ಪಿಎಲ್‌ಸಿಯಲ್ಲಿ ಡೀಫಾಲ್ಟ್ ಗೇಟ್‌ವೇ (ಬೇರೆ ನೆಟ್‌ವರ್ಕ್‌ಗೆ ಹೋಗೋ ದಾರಿಯ ವಿಳಾಸ) ಇಲ್ಲ. ಇಂಥ ಹತ್ತರಲ್ಲಿ ಒಂಬತ್ತು ಕೇಸ್ ಇದೇ. ಸ್ವಿಚ್‌ನ ಪಿಂಗ್ ಯಂತ್ರದ ಕಡೆಯ ಅದರ ವಿಳಾಸ 192.168.1.1ರಿಂದ ಹೋಗುತ್ತೆ, ಒಂದೇ ಸಬ್‌ನೆಟ್, ಗೇಟ್‌ವೇ ಬೇಕಾಗಲ್ಲ.

ತಂತಿಜಾಲ:
ಗೇಟ್‌ವೇ 192.168.1.1 ಹಾಕಿದೆ.

ಲ್ಯಾಡರ್‌ಲಾಜಿಕ್:
ಪ್ರಾಜೆಕ್ಟ್‌ನಲ್ಲಿ ಹಾಕಿದ್ರೆ ಸಾಲದು, ಪಿಎಲ್‌ಸಿಗೆ ಡೌನ್‌ಲೋಡ್ ಆಗಿರಬೇಕು. ಆನ್‌ಲೈನ್ ಹೋಗಿ ನೋಡಿ.

ರ‍್ಯಾಕ್‌ಮೇಟ್:
ಊಹೆ ಯಾಕೆ? ಸ್ವಿಚ್‌ನಿಂದ ಪಿಂಗ್ ಮಾಡುವಾಗ ಸೋರ್ಸ್ ಅಡ್ರೆಸ್ ಆಗಿ ಸ್ವಿಚ್‌ನ ಆಫೀಸ್ ಕಡೆಯ ವಿಳಾಸ 10.20.30.2 ಕೊಡಿ. ಉತ್ತರ ಬಂದ್ರೆ ಗೇಟ್‌ವೇ ಸರಿ ಇದೆ ಅಂತ ಅರ್ಥ. ಜೊತೆಗೆ 10.20.30.50ನ್ನ ಆಫೀಸ್ ಪೋರ್ಟ್ ಈಥರ್1ಗೆ ಎರಡನೇ ವಿಳಾಸವಾಗಿ ಸೇರಿಸಿದೀರಾ? ಇಲ್ಲದಿದ್ರೆ ಆ ವಿಳಾಸದ ಎಆರ್‌ಪಿಗೆ ('ಈ ಐಪಿ ಯಾರದು' ಅನ್ನೋ ಪ್ರಶ್ನೆಗೆ) ಯಾರೂ ಉತ್ತರ ಕೊಡಲ್ಲ.

ತಂತಿಜಾಲ:
ಸೇರಿಸಿದೀನಿ. 10.20.30.2ರಿಂದಲೂ ಪಿಂಗ್ ಬಂತು.

ಕ್ಯಾಟ್6ಎ:
ಕಳಿಸಿದವರ ವಿಳಾಸ ಬದಲಿಸೋ ಎಸ್‌ಆರ್‌ಸಿ-ನ್ಯಾಟ್ ರೂಲ್ ಇಲ್ವಲ್ಲ! ವಾಪಸ್ ಬರೋ ಪ್ಯಾಕೆಟ್‌ನ ಸೋರ್ಸ್ ಬದಲಿಸೋದು ಯಾರು?

ರ‍್ಯಾಕ್‌ಮೇಟ್:
ಕನೆಕ್ಷನ್ ಟ್ರ್ಯಾಕಿಂಗ್, ಅಂದ್ರೆ ಪ್ರತಿ ಕನೆಕ್ಷನ್ ನೆನಪಿಡೋ ವ್ಯವಸ್ಥೆ. ಡಿಎಸ್‌ಟಿ-ನ್ಯಾಟ್ ಆದ ಕನೆಕ್ಷನ್‌ನ ಉತ್ತರ ತಾನಾಗಿಯೇ ತಿರುಗಿ ಬದಲಾಗುತ್ತೆ. ಎಸ್‌ಆರ್‌ಸಿ-ನ್ಯಾಟ್ ಬೇಕಾಗೋದು ಪಿಎಲ್‌ಸಿ ತಾನೇ ಕನೆಕ್ಷನ್ ಶುರು ಮಾಡಿದಾಗ ಮಾತ್ರ.

ಕ್ಯಾಟ್6ಎ:
ಎರಡೂ ಇದ್ರೇನೇ ಅದು ಸ್ಟ್ಯಾಟಿಕ್ ನ್ಯಾಟ್. ಅದಕ್ಕಿಂತ ಮೊದಲು, ನ್ಯಾಟ್ ಸ್ವಿಚ್ ಮಾಡೋ ಕೆಲಸಾನೇ ಅಲ್ಲ.

ರ‍್ಯಾಕ್‌ಮೇಟ್:
ಹೆಸರು ಏನಾದ್ರೂ ಇಟ್ಕೊಳ್ಳಿ, ಈ ದೋಷಕ್ಕೂ ಅದಕ್ಕೂ ಸಂಬಂಧ ಇಲ್ಲ. ತಂತಿಜಾಲ, ಆಫೀಸ್ ಪಿಸಿಯಲ್ಲಿ ಪ್ಯಾಕೆಟ್ ನೋಡೋಕೆ ವೈರ್‌ಶಾರ್ಕ್ ಹಚ್ಚಿ. ಐಪಿ ಫಿಲ್ಟರ್ ಹಾಕಬೇಡಿ.

ತಂತಿಜಾಲ:
ವಿಚಿತ್ರವಾಗಿದೆ. ಸಿನ್ (ಕನೆಕ್ಷನ್ ಕೇಳೋ ಪ್ಯಾಕೆಟ್) 10.20.30.50ಗೆ ಹೋಗುತ್ತೆ, ಅದರ ಉತ್ತರ ಸಿನ್-ಆಕ್ 192.168.1.50ರಿಂದ ಬರುತ್ತೆ. ಕೂಡಲೇ ಪಿಸಿ ರೀಸೆಟ್ ಕಳಿಸುತ್ತೆ.

ಲ್ಯಾಡರ್‌ಲಾಜಿಕ್:
ಹಾಗಾದ್ರೂ ಒಂದ್ಸಲ ಗೇಟ್‌ವೇ ನೋಡಿಬಿಡಿ.

ರ‍್ಯಾಕ್‌ಮೇಟ್:
ಗೇಟ್‌ವೇ ಇಲ್ಲದಿದ್ರೆ ಸಿನ್-ಆಕ್ ಆಫೀಸ್ ಪಿಸಿವರೆಗೆ ಬರ್ತಾನೇ ಇರಲಿಲ್ಲ, ಅದನ್ನ ಬಿಡಿ. ಎಲ್3 ಹಾರ್ಡ್‌ವೇರ್ ಆಫ್‌ಲೋಡ್ (ಸಿಪಿಯು ಬದಲು ಸ್ವಿಚ್ ಚಿಪ್ಪೇ ರೂಟ್ ಮಾಡೋದು) ಆನ್ ಇದೆಯಾ? ರೂಟ್ ಪಟ್ಟಿಯಲ್ಲಿ 'ಎಚ್' ಗುರುತು ಕಾಣ್ತಿದೆಯಾ?

ತಂತಿಜಾಲ:
ಇದೆ, ವಿಲ್ಯಾನ್‌ಗಳ (ಒಂದೇ ಸ್ವಿಚ್‌ನಲ್ಲಿ ಬೇರ್ಪಡಿಸಿದ ನೆಟ್‌ವರ್ಕ್‌ಗಳ) ನಡುವೆ ವೇಗ ಬೇಕಲ್ಲ. ಅದನ್ನೂ ಹೇಳಬೇಕಿತ್ತಾ?

ರ‍್ಯಾಕ್‌ಮೇಟ್:
ಸಮಸ್ಯೆ ಇರೋದೇ ಅಲ್ಲಿ. 10.20.30.50 ಸ್ವಿಚ್‌ನದೇ ವಿಳಾಸ ಆದ್ದರಿಂದ ಬರೋ ಪ್ಯಾಕೆಟ್ ಸಿಪಿಯುಗೆ ಹೋಗುತ್ತೆ, ಅಲ್ಲಿ ನ್ಯಾಟ್ ಆಗುತ್ತೆ, ಕೌಂಟರ್ ಏರುತ್ತೆ. ಪಿಎಲ್‌ಸಿಯ ಉತ್ತರವನ್ನ ಮಾತ್ರ ಸ್ವಿಚ್ ಚಿಪ್ ನೇರ ರೂಟ್ ಮಾಡಿಬಿಡುತ್ತೆ, ಕನೆಕ್ಷನ್ ಟ್ರ್ಯಾಕಿಂಗ್ ಅದನ್ನ ಕಾಣೋದೇ ಇಲ್ಲ. ಹೀಗೆ ಹೋದ ಪ್ಯಾಕೆಟ್ ಸ್ವಿಚ್‌ನ ಟ್ರಾಫಿಕ್ ನೋಡೋ ಟೂಲ್ ಟಾರ್ಚ್‌ನಲ್ಲೂ ಸಿಗಲ್ಲ. ಸಿಆರ್‌ಎಸ್326-24ಜಿಯ ಚಿಪ್‌ಗೆ ನ್ಯಾಟ್ ಆಫ್‌ಲೋಡ್ ಸಾಮರ್ಥ್ಯ ಇಲ್ಲ.

ಆಫೀಸ್ ಪೋರ್ಟಿಗೆ ಮಾತ್ರ ಆಫ್‌ಲೋಡ್ ಆಫ್ ಮಾಡಿ:

/ಇಂಟರ್‌ಫೇಸ್ ಎಥರ್ನೆಟ್ ಸ್ವಿಚ್ ಪೋರ್ಟ್ ಸೆಟ್ ಈಥರ್1 ಎಲ್3-ಎಚ್‌ಡಬ್ಲ್ಯೂ-ಆಫ್‌ಲೋಡಿಂಗ್=ನೋ

ಈಥರ್1 ಬ್ರಿಡ್ಜ್‌ನ ಹೊರಗಿರಲಿ, ವಿಳಾಸಗಳು ನೇರ ಅದರ ಮೇಲೇ ಇರಲಿ. ಉಳಿದ ಪೋರ್ಟ್‌ಗಳಲ್ಲಿ ಯೆಸ್ ಹಾಗೇ ಬಿಡಿ, ವಿಲ್ಯಾನ್ ವೇಗ ಎಲ್ಲೂ ಹೋಗಲ್ಲ. ಆಫೀಸ್ ಕಡೆಯ ಟ್ರಾಫಿಕ್ ಎಲ್ಲ 800 ಮೆಗಾಹರ್ಟ್ಸ್‌ನ ಒಂದೇ ಕೋರ್ ಮೇಲೆ ಬೀಳುತ್ತೆ. ಪಿಎಲ್‌ಸಿಗೆ ಧಾರಾಳ ಸಾಕು, ಬ್ಯಾಕಪ್ ಸರ್ವರ್‌ಗೆ ಸಾಲದು.

ತಂತಿಜಾಲ:
102 ಓಪನ್ ಆಯ್ತು, ಪಿಂಗೂ ಬರ್ತಿದೆ. ಪಕ್ಕದ ಯಂತ್ರದ ಪಿಎಲ್‌ಸಿಯೂ 192.168.1.50. ಅದಕ್ಕೆ 10.20.30.51 ಕೊಟ್ಟು ಇದೇ ರೂಲ್ ನಕಲು ಮಾಡಿದ್ರೆ ಆಯ್ತಲ್ವಾ?

ಗಿಗಾಬಿಟ್‌ಗಿರಿ:
ಇದಕ್ಕೇ ಸಿಆರ್‌ಎಸ್317 ತಗೋಬೇಕು ಅನ್ನೋದು. ಫಾಸ್ಟ್‌ಟ್ರ್ಯಾಕ್ (ಫೈರ್‌ವಾಲ್‌ನ ಶಾರ್ಟ್‌ಕಟ್ ದಾರಿ) ಆದ ನ್ಯಾಟ್ ಕನೆಕ್ಷನ್ ಹಾರ್ಡ್‌ವೇರ್‌ನಲ್ಲೇ ಓಡುತ್ತೆ, 16 ಎಸ್‌ಎಫ್‌ಪಿ ಪ್ಲಸ್ ಪೋರ್ಟ್, ಎರಡು ಪವರ್ ಸಪ್ಲೈ. ನನ್ನ ರ‍್ಯಾಕ್‌ನಲ್ಲಿ ಎರಡಿವೆ.

ಕ್ಯಾಟ್6ಎ:
ಫ್ಯಾನ್ ಸದ್ದು ಹೇಗಿದೆ?

ರ‍್ಯಾಕ್‌ಮೇಟ್:
ತಂತಿಜಾಲ, ರೂಲ್ ನಕಲು ಮಾಡಿದ್ರೆ ಆಗಲ್ಲ. ಒಂದೇ ರೂಟಿಂಗ್ ಟೇಬಲ್‌ನಲ್ಲಿ 192.168.1.50 ಎರಡು ಕಡೆ ಇರೋಕಾಗಲ್ಲ. ಒಂದೋ ವಿಆರ್‌ಎಫ್ (ಒಂದೇ ಸಾಧನದಲ್ಲಿ ಬೇರೆ ಬೇರೆ ರೂಟಿಂಗ್ ಟೇಬಲ್) ಮಾಡಬೇಕು, ಇಲ್ಲ ಎರಡನೇ ಯಂತ್ರದ ಮುಂದೆ ಚಿಕ್ಕದೊಂದು ರೂಟರ್ ಇಟ್ಟು ನ್ಯಾಟ್ ಅಲ್ಲೇ ಮುಗಿಸಬೇಕು. ನಾನಾದ್ರೆ ರೂಟರ್ ಇಡ್ತೀನಿ. ವಿಆರ್‌ಎಫ್ ದಾರಿ ಬೇಕಿದ್ರೆ ಬೇರೆ ಥ್ರೆಡ್ ತೆರೆಯಿರಿ, ಈ ಸಲ ಪೂರ್ತಿ ಕಾನ್ಫಿಗ್ ಎಕ್ಸ್‌ಪೋರ್ಟ್ ಸಮೇತ.