ಪಿಎಚ್‌ಪಿ 7.4ರಿಂದ 8.3ಕ್ಕೆ: 140 ಪುಟಗಳೂ ಮೊದಲಿನ ಹಾಗೇ ಬರುತ್ತಿವೆಯಾ ಅಂತ ನೋಡೋದು ಹೇಗೆ?

ಕಾಫಿಗಿಡ:
ಎಲ್ಲರಿಗೂ ನಮಸ್ಕಾರ. ಒಂದು ಸಹಕಾರ ಸಂಘದ ಸಾಲದ ಲೆಕ್ಕ ಇಡುವ ವೆಬ್ ಅಪ್ಲಿಕೇಶನ್ ನನ್ನ ಕೈಗೆ ಬಂದಿದೆ, ಪಿಎಚ್‌ಪಿ ಅನ್ನೋ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಬರೆದದ್ದು. ಹಳೇ ಕೋಡು, ಟೆಸ್ಟ್ ಅಂತ ಒಂದೂ ಇಲ್ಲ. 7.4ಕ್ಕೆ 2022ರಲ್ಲೇ ಸಪೋರ್ಟ್ ನಿಂತಿದೆ, ಹಾಗಾಗಿ 8.3ಕ್ಕೆ ಹೋಗಲೇಬೇಕು. ಹಳೇ ಸರ್ವರ್, ಹೊಸ ಸರ್ವರ್ ಎರಡರಿಂದಲೂ ಎಲ್ಲ ಪುಟಗಳ ಎಚ್‌ಟಿಎಂಎಲ್ ಇಳಿಸಿಕೊಂಡು ಡಿಫ್ (ಎರಡು ಫೈಲುಗಳ ವ್ಯತ್ಯಾಸ ತೋರಿಸುವ ಸಾಧನ) ಹಾಕಿದೆ. ಒಂದೇ ಒಂದು ಪುಟವೂ ಹೊಂದಲಿಲ್ಲ. ಪ್ರತಿ ಫಾರಂನಲ್ಲೂ ಸಿಎಸ್‌ಆರ್‌ಎಫ್ ಟೋಕನ್ (ಸುರಕ್ಷತೆಗೆ ಹಾಕುವ ಗುಟ್ಟಿನ ಸಂಕೇತ) ಬೇರೆ, ಮೇಲ್ಗಡೆ ಬರುವ ಸಮಯ ಬೇರೆ, ಸಾಲದ್ದಕ್ಕೆ ಮೊದಲು ' ಇದ್ದ ಕಡೆಯೆಲ್ಲ ಈಗ ' ಬಂದಿದೆ. ಮೂರು ರಾತ್ರಿ ಕೂತು ನೋಡಿ ಕಣ್ಣು ಸೋತಿದೆ. ಬಡ್ಡಿಯಲ್ಲಿ ಒಂದು ರೂಪಾಯಿ ತಪ್ಪಿದರೂ ರೈತರು ಕೌಂಟರಿಗೆ ಬಂದು ಕೇಳುತ್ತಾರೆ, ಕೇಳಬೇಕು ಕೂಡ. ನೀವೆಲ್ಲ ಇದನ್ನು ಹೇಗೆ ಮಾಡುತ್ತೀರಿ?

ಹಳೇಕೋಡ್:
ಮೊದಲು ಹೊಸ ಸರ್ವರನ್ನು ಪಕ್ಕಕ್ಕಿಡಿ. ಹಳೇ ಸರ್ವರಿನಿಂದಲೇ ಎರಡು ಸಲ ಪುಟ ಇಳಿಸಿ, ಆ ಎರಡನ್ನು ಒಂದಕ್ಕೊಂದು ಹೋಲಿಸಿ. ಕೋಡು ಒಂದೇ, ಡೇಟಾ ಒಂದೇ, ಆದರೂ ಏನು ಬದಲಾಗುತ್ತದೋ ಅದಷ್ಟೂ ಬರೀ ಗದ್ದಲ. ಟೋಕನ್ ಸಿಕ್ಕಿದ ಕಡೆ 'ಟೋಕನ್' ಅಂತ ಒಂದೇ ಪದ ಬರುವ ಹಾಗೆ ರೆಗೆಕ್ಸ್ (ಪಠ್ಯದಲ್ಲಿ ಮಾದರಿ ಹುಡುಕುವ ಸೂತ್ರ) ಹಾಕಿ, ಸಮಯಕ್ಕೂ ಹಾಗೇ. ಆದರೆ ಬಡ್ಡಿ ಇವತ್ತಿನ ತಾರೀಖಿನ ಮೇಲೆ ನಿಂತಿರುತ್ತದೆ, ಅದನ್ನು ಮಾತ್ರ ಮುಚ್ಚಬೇಡಿ. ಎರಡೂ ಕಡೆ ಒಂದೇ ಡೇಟಾಬೇಸ್ ಡಂಪ್ (ಪೂರ್ತಿ ನಕಲು) ಹಾಕಿ, ಗಡಿಯಾರವನ್ನೂ ಒಂದೇ ದಿನಕ್ಕೆ ನಿಲ್ಲಿಸಿ. ಹಳೇದು ಹಳೇದಕ್ಕೆ ಪೂರ್ತಿ ಹೊಂದುವ ತನಕ ಮುಂದೆ ಹೋಗಬೇಡಿ.

ಆ ' ವಿಷಯ: 8.1ರಲ್ಲಿ ಎಚ್‌ಟಿಎಂಎಲ್‌ಸ್ಪೆಷಲ್‌ಚಾರ್ಸ್ ಫಂಕ್ಷನ್ನಿನ ಡೀಫಾಲ್ಟ್ ಬದಲಾಯಿತು, ಒಂಟಿ ಕೋಟನ್ನೂ ಎಸ್ಕೇಪ್ ಮಾಡುತ್ತದೆ, ಅಂದರೆ ಸಂಕೇತವಾಗಿ ಬದಲಿಸುತ್ತದೆ. ಬ್ರೌಸರಿನಲ್ಲಿ ಎರಡೂ ಒಂದೇ. ಅದಕ್ಕೇ ಸುಮ್ನೆ ಪಠ್ಯ ಹೋಲಿಸಬೇಡಿ, ಎರಡನ್ನೂ ಪಾರ್ಸ್ ಮಾಡಿ ಡಾಮ್ (ಬ್ರೌಸರ್ ಪುಟವನ್ನು ಓದಿ ಕಟ್ಟಿಕೊಳ್ಳುವ ರಚನೆ) ಹೋಲಿಸಿ.

ಒತ್ತಕ್ಷರ:
ಪುಟದಲ್ಲಿ ಕನ್ನಡ ಇದ್ದರೆ ಇನ್ನೊಂದು ಮಾತು. 'ೊ' ಅನ್ನೋದನ್ನು ಯೂನಿಕೋಡಿನಲ್ಲಿ ಒಂದೇ ಸಂಕೇತವಾಗಿಯೂ ಬರೆಯಬಹುದು, 'ೆ' ಮತ್ತು 'ೂ' ಸೇರಿಸಿಯೂ ಬರೆಯಬಹುದು. ಕಣ್ಣಿಗೆ ಒಂದೇ, ಡಿಫ್‌ಗೆ ಬೇರೆ. ಹೋಲಿಸುವ ಮುಂಚೆ ಎರಡನ್ನೂ ಯೂನಿಕೋಡಿನ ಒಂದೇ ನಿಗದಿತ ರೂಪವಾದ ಎನ್‌ಎಫ್‌ಸಿಗೆ ತನ್ನಿ. ರಸೀದಿ ಪುಟಗಳಿಗೆ, ಬ್ರೌಸರನ್ನು ತಾನೇ ನಡೆಸುವ ಸಾಧನವಾದ ಪ್ಲೇರೈಟ್‌ನಲ್ಲಿ ಸ್ಕ್ರೀನ್‌ಶಾಟ್ ಹೋಲಿಕೆಯೂ ಇರಲಿ. ಡಾಕರ್ ಇಮೇಜಿನಲ್ಲಿ (ಟೆಸ್ಟ್ ಓಡುವ ಸಿದ್ಧ ಪರಿಸರ) ಕನ್ನಡ ಫಾಂಟ್ ಇದೆಯಾ ನೋಡಿಕೊಳ್ಳಿ, ಇಲ್ಲದಿದ್ದರೆ ಎರಡೂ ಚಿತ್ರದಲ್ಲಿ ಬರೀ ಚೌಕಗಳು ಬಂದು ಟೆಸ್ಟ್ ಪಾಸ್ ಆಗಿಬಿಡುತ್ತದೆ. ನನಗೆ ಹಾಗೇ ಆಗಿತ್ತು, ಎರಡು ವಾರ ಯಾರಿಗೂ ಗೊತ್ತಾಗಲಿಲ್ಲ.

ರಾತ್ರಿಪಾಳಿ:
ಸ್ಕ್ರೀನ್‌ಶಾಟ್ ಜಾಸ್ತಿ ಬೇಡ ಅಂತ ನಾನು ಹೇಳುತ್ತೇನೆ. ಒಂದು ಪಿಕ್ಸೆಲ್ ಸರಿದರೂ ಕೆಂಪು (ಟೆಸ್ಟ್ ಫೇಲ್) ಬರುತ್ತದೆ, ನಾಲ್ಕು ದಿನ ಆದಮೇಲೆ ತಂಡದವರು ನೋಡದೆಯೇ ಹೋಲಿಕೆಗೆ ಇಟ್ಟ ಮೂಲ ಚಿತ್ರವನ್ನು, ಅಂದರೆ ಬೇಸ್‌ಲೈನ್ ಅಪ್‌ಡೇಟ್ ಮಾಡುತ್ತಾರೆ. ಆಮೇಲೆ ಆ ಟೆಸ್ಟ್ ಇದ್ದೂ ಇಲ್ಲದ ಹಾಗೆ. ಲೆಕ್ಕದ ಪುಟದಲ್ಲಿ ಅಂಕಿ ಮುಖ್ಯ ಅಲ್ವಾ? ಕೋಷ್ಟಕದ ಸಾಲುಗಳನ್ನು ಮಾತ್ರ ಕಿತ್ತು, ಬರೀ ಪಠ್ಯದ ಕೋಷ್ಟಕ ಫೈಲ್ ಆದ ಸಿಎಸ್‌ವಿ ಮಾಡಿ ಹೋಲಿಸಿ. ಪ್ರತಿ ವ್ಯತ್ಯಾಸವನ್ನೂ ಒಬ್ಬರು ಓದಿ ಒಪ್ಪಬೇಕು.

ಕಾಫಿಗಿಡ:
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಹಳೇದನ್ನು ಹಳೇದಕ್ಕೆ ಹೊಂದಿಸಲು ಎರಡು ದಿನ ಹಿಡಿಯಿತು, ಆಮೇಲೆ ಹೊಸದರ ಜೊತೆ ಹಾಕಿದರೆ 140ರಲ್ಲಿ ಉಳಿದದ್ದು 6 ಪುಟ. ಅದರಲ್ಲಿ ಒಂದು ಸುಸ್ತಿದಾರರ ಪಟ್ಟಿ. ಹಳೇದರಲ್ಲಿ 31 ಹೆಸರು, ಹೊಸದರಲ್ಲಿ 212! ಸಾಲ ಪೂರ್ತಿ ತೀರಿಸಿದವರೂ ಬಾಕಿ 0.00 ಅಂತ ಪಟ್ಟಿಗೆ ಬಂದಿದ್ದರು. ಕೋಡಿನಲ್ಲಿ ಬಾಕಿ == '' ಆದರೆ ಬಿಟ್ಟುಬಿಡು ಅಂತ ಬರೆದಿದೆ. ಲೆಕ್ಕ ಹಾಕಿ ಬಂದ ಸೊನ್ನೆ 7.4ರಲ್ಲಿ ಖಾಲಿ ಸ್ಟ್ರಿಂಗಿಗೆ ('', ಅಕ್ಷರವೇ ಇಲ್ಲದ ಪಠ್ಯ) ಸಮ, 8ರಿಂದ ಸಮ ಅಲ್ಲ. ಈ ಪಟ್ಟಿಯಿಂದಲೇ ಸಂಘದವರು ನೋಟಿಸ್ ಅಚ್ಚು ಹಾಕುವುದು. ಈಗ == '' ಇರುವ ಕಡೆಯೆಲ್ಲ ಹುಡುಕುತ್ತಿದ್ದೇನೆ, ಉಳಿದ 5 ಪುಟಗಳನ್ನು ನಾಳೆ ಸಂಘದ ಗುಮಾಸ್ತರ ಜೊತೆ ಕೂತು ಸಾಲು ಸಾಲಾಗಿ ಓದುತ್ತೇನೆ.